ರಜೆಯಲ್ಲಿ ಯಜಮಾನ

(ಕೋಟೇಶ್ವರದ ಪಡುವಣ ದಿಕ್ಕಿನಲ್ಲಿ, ಕಡಲಿನ ಮೊರೆತವು ಹಗಲೂ ಇರುಳೂ ಕೇಳಿಸುವಷ್ಟು ಸನಿಹದಲ್ಲಿರುವ ಒಂದು ಮನೆಯ ಜಗಲಿ. ನವರಾತ್ರಿಯ ಐದನೆಯ ಸಂಜೆ. ಬ್ಯಾಂಕಿನ ಸೇವೆಯಿಂದ ನಿವೃತ್ತರಾಗಿ 18 ವರ್ಷ ಕಳೆದಿರುವ ಮಾವನೂ, ಬೆಂಗಳೂರಿನಲ್ಲಿ ಎರಡು ಹೋಟೆಲುಗಳನ್ನು ನಡೆಸುತ್ತಿರುವ ಸೋದರಳಿಯನೂ ಕಾಫಿ ಮುಗಿಸಿ ಕುಳಿತಿದ್ದಾರೆ. ಅಳಿಯನ ಕೈಯಲ್ಲಿ ಮೊಬೈಲು. ಅದರ ಪರದೆಯ ಮೇಲೆ ನಾಲ್ಕು ಚೌಕಗಳು. ಒಂದೊಂದು ಚೌಕದಲ್ಲಿಯೂ 400 ಕಿಲೋಮೀಟರಿಗೂ ಆಚೆಯ ಹೋಟೆಲಿನ ಒಂದೊಂದು ಮೂಲೆ.)

ಅಳಿಯ: ಮಾವಯ್ಯ, ಕಳೆದ ತಿಂಗಳು ನಮ್ಮ ವ್ಯವಹಾರದವರಿಗಾಗಿ ಏರ್ಪಡಿಸಿದ್ದ ಒಂದು ಶಿಬಿರಕ್ಕೆ ಹೋಗಿದ್ದೆ. ನಾಯಕತ್ವದ ವಿಷಯವಾಗಿ ಉಪನ್ಯಾಸ ಮಾಡಲು ಬಂದಿದ್ದವರು ಮೊಟ್ಟಮೊದಲು ಕೇಳಿದ ಪ್ರಶ್ನೆಯೆಂದರೆ, ರಜೆ ದೊರೆತಾಗ ನೀವು ಬೆಟ್ಟಕ್ಕೆ ಹೋಗುವಿರೋ ಕಡಲತೀರಕ್ಕೆ ಹೋಗುವಿರೋ ಎಂಬುದು. ಬೆಟ್ಟವನ್ನು ಬಯಸತಕ್ಕವನು ಗುರಿಯನ್ನು ಕಣ್ಣಮುಂದಿರಿಸಿಕೊಂಡು ಜನರನ್ನು ಹುರಿದುಂಬಿಸಿ ಮೇಲಕ್ಕೆಳೆಯುವವನೆಂತಲೂ, ಕಡಲನ್ನು ಬಯಸತಕ್ಕವನು ಎಲ್ಲರನ್ನೂ ಜೊತೆಗೂಡಿಸಿಕೊಂಡು ಸಾವಧಾನವಾಗಿ ನಡೆಯುವವನೆಂತಲೂ, ತೀರ್ಥಕ್ಷೇತ್ರಗಳಿಗೆ ಹೋಗುವವನು ಕಟ್ಟಳೆಯನ್ನು ಮೀರಲಾರದವನೆಂತಲೂ, ಮನೆಯಲ್ಲೇ ಉಳಿಯುವವನು ಹೊಸತಕ್ಕೆ ಅಂಜುವವನೆಂತಲೂ ಅವರು ವಿಂಗಡಿಸಿ ಹೇಳಿದರು. ನನ್ನ ಸರದಿ ಬಂದಾಗ ಏನೆನ್ನಬೇಕೆಂದು ತೋಚದೆ ಸುಮ್ಮನೆ ಕುಳಿತುಬಿಟ್ಟೆ.

ಮಾವ: ನಮ್ಮ ಸೀಮೆಯವನಿಗೆ ಆ ಪ್ರಶ್ನೆ ಕಠಿಣವೇ ಸರಿ, ಮಾಣಿ. ಬೈಂದೂರಿನ ಒತ್ತಿನೆಣೆಯ ನೆತ್ತಿಯಲ್ಲಿ ನಿಂತು ಪಡುವಣಕ್ಕೆ ಮುಖಮಾಡಿದರೆ ಕೆಳಗೆ ಕಡಲು, ಮೂಡಣಕ್ಕೆ ತಿರುಗಿದರೆ ಘಟ್ಟದ ಸಾಲು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ, ಅದರಾಚೆ ದೂರದಲ್ಲಿ ಕೊಡಚಾದ್ರಿ. ಇಲ್ಲಿ ಹುಟ್ಟಿ ಬೆಳೆದವನಿಗೆ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾದ ಪ್ರಮೇಯವೇ ಬಾರದು. ಆದರೂ ಆ ಪ್ರಶ್ನೆಯನ್ನು ಕೇಳಿದವರನ್ನು ನಾನು ಹಗುರವಾಗಿ ಕಾಣಲಾರೆ. ಮನುಷ್ಯನು ಕೆಲಸದಲ್ಲಿ ತೊಡಗಿರುವಷ್ಟು ಹೊತ್ತೂ ಆ ಕೆಲಸದ ಕಟ್ಟುಪಾಡೇ ಅವನನ್ನು ನೆಟ್ಟಗೆ ನಿಲ್ಲಿಸಿರುತ್ತದೆ. ಕಟ್ಟು ಸಡಿಲಿದ ಬಳಿಕ ಅವನು ಯಾವ ಭಂಗಿಯಲ್ಲಿ ಕುಳಿತುಕೊಳ್ಳುವನೆಂಬುದರಲ್ಲಿ ಅವನ ಸ್ವಭಾವವು ಹೊರಬೀಳುವುದು ಸಹಜ. ಅಷ್ಟರಮಟ್ಟಿಗೆ ಅವರ ಮಾತು ಒಪ್ಪತಕ್ಕದ್ದೇ. ಆದರೆ ಆತ ಎಲ್ಲಿಗೆ ಹೋಗುವನೆಂದು ಕೇಳಿ ಅವರು ನಿಲ್ಲಿಸಿಬಿಟ್ಟರಲ್ಲ, ಅದು ನನಗೆ ಸಾಲದು. ಹೋದಲ್ಲಿ ಆತ ಯಾರ ಮಾತು ಕೇಳುವನು ಎಂದು ನಾನಾಗಿದ್ದರೆ ಕೇಳುತ್ತಿದ್ದೆ.

ಅಳಿಯ: ರಜೆಯಲ್ಲಿಯೂ ಯಾರದೋ ಮಾತು ಕೇಳತಕ್ಕದ್ದಾದರೆ ಅದು ರಜೆಯೆಂತಾದೀತು, ಮಾವಯ್ಯ? ವರ್ಷವಿಡೀ ಅವರಿವರ ಮಾತು ಕೇಳಿಯೇ ಸಾಕಾಗಿರುವುದಲ್ಲವೆ?

ಮಾವ: ವರ್ಷವಿಡೀ ನೀನು ಕೇಳುವುದು ದೂರುಗಳನ್ನು, ಅಪ್ಪಣೆಗಳನ್ನಲ್ಲ. ಅದಿರಲಿ, ನೀನು ಬಂದು ಕುಳಿತಾಗಿನಿಂದ ಆ ಮೊಬೈಲಿನಲ್ಲಿ ಏನನ್ನು ನೋಡುತ್ತಿರುವೆ?

ಅಳಿಯ: ಇದೋ, ನೋಡಿ. ಮೇಲಿನದು ಗಲ್ಲಾ, ಅದರ ಪಕ್ಕದ್ದು ಅಡುಗೆಮನೆ, ಕೆಳಗೆ ಪಾತ್ರೆ ತೊಳೆಯುವ ಜಾಗ, ಉಗ್ರಾಣದ ಬಾಗಿಲು. ಗಲ್ಲಾದಲ್ಲಿ ಕುಳಿತಿರುವಾತ ಬೈಂದೂರು ಕಡೆಯ ಹುಡುಗ. ಲೋಟ ತೊಳೆಯಲು ಬಂದು ಸೇರಿ, ಸಪ್ಲೈಯರನಾಗಿ, 11 ವರ್ಷಗಳಲ್ಲಿ ಅಲ್ಲಿಯವರೆಗೆ ಬಂದವನು. ಒಂದು ರೂಪಾಯಿಯ ವ್ಯತ್ಯಾಸವನ್ನೂ ನಾನು ಕಂಡದ್ದಿಲ್ಲ. ಆದರೆ ಎಡೆಬಿಡುವು ದೊರೆತಾಗಲೆಲ್ಲ ಆತನು ಹೀಗೆ ತಲೆಯೆತ್ತಿ ಕ್ಯಾಮರಾದ ಕಡೆಗೆ ನೋಡುತ್ತಾನೆ. ನೋಡಿ, ಈಗಲೂ ನೋಡಿದ. ಆ ನೋಟ ಕಂಡಾಗ ನನಗೆ ಒಳಗೊಳಗೇ ಏನೋ ಕಸಿವಿಸಿಯಾಗುತ್ತದೆ.

ಮಾವ: ಆತ ನೋಡುವುದೇತಕ್ಕೆ?

ಅಳಿಯ: ನಾನು ನೋಡುತ್ತಿರುವೆನೋ ಎಂದು ತಿಳಿಯುವುದಕ್ಕೆ.

ಮಾವ: ಹಾಗಾದರೆ ನೀನಿನ್ನೂ ಗಲ್ಲಾದಿಂದ ಎದ್ದಿಲ್ಲ, ಆತನಿನ್ನೂ ಅದರಲ್ಲಿ ಕುಳಿತಿಲ್ಲ. ಇದನ್ನು ನಿನ್ನ ಮೇಲಣ ದೂರಾಗಿ ಹೇಳುತ್ತಿಲ್ಲ. ಇಂಥದೇ ತಪ್ಪನ್ನು ನಾನು ಮಾಡಿದವನಾದ್ದರಿಂದ, ಮತ್ತು ಅದರ ಫಲವನ್ನು ಇನ್ನೊಬ್ಬನು ಉಂಡುದನ್ನು ಕಣ್ಣಾರೆ ಕಂಡವನಾದ್ದರಿಂದ ಹೇಳುತ್ತಿದ್ದೇನೆ. 1983ರ ಮಾತು. ಕಡಲತಡಿಯ ಒಂದು ಶಾಖೆಗೆ ನಾನು ಮೇನೇಜರನಾಗಿದ್ದೆ. ಮೂರು ವರ್ಷ ಒಂದು ದಿನವೂ ರಜೆ ಹಾಕದೆ ದುಡಿದೆನೆಂಬ ಹೆಮ್ಮೆ ನನಗಿತ್ತು. ಮೇಲಿನವರೂ ಅದನ್ನು ಗುಣವೆಂದೇ ಎಣಿಸಿದ್ದರು. ನಿಮ್ಮ ಅತ್ತೆಯ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಆಗಸ್ಟಿನ ಕೊನೆಯಲ್ಲಿ ಎಂಟು ದಿನಗಳ ಮಟ್ಟಿಗೆ ಊಟಿಗೆ ಹೊರಟೆ. ಹೊರಡುವಾಗ ನನ್ನ ಕೈಕೆಳಗಿನ ಅಧಿಕಾರಿಯನ್ನು ಕರೆದು, ನನ್ನನ್ನು ಕೇಳದೆ ಯಾವ ಕಾಗದಕ್ಕೂ ರುಜು ಹಾಕತಕ್ಕದ್ದಲ್ಲವೆಂದು ಹೇಳಿದೆ. ಬಂಗಾರದ ಅಡವಿನ ಮೇಲೆ ಸಾಲ ಕೊಡುವ ಅಧಿಕಾರ ಆತನಿಗೆ ನಿಯಮದಂತೆಯೇ ಇತ್ತು. ಆ ಅಧಿಕಾರವನ್ನು ನನ್ನ ಒಂದು ಮಾತಿನಿಂದ ನಾನು ಕಸಿದುಕೊಂಡೆ.

ನೂಲು ಹುಣ್ಣಿಮೆ ಕಳೆದು ಕಡಲಿಗೆ ಹಾಲು ತೆಂಗಿನಕಾಯಿ ಅರ್ಪಿಸಿ ದೋಣಿಗಳು ಇಳಿಯುವ ದಿನಗಳವು. ಒಬ್ಬ ಬೋಟಿನವನ ಎಂಜಿನಿನ ಯಾವುದೋ ಭಾಗ ಮುರಿದು, ಹೊಸತನ್ನು ತರಿಸಲು ಹಣಬೇಕಾಗಿ, ಹೆಂಡತಿಯ ಎರಡು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಶಾಖೆಗೆ ಬಂದನಂತೆ. ಅಧಿಕಾರಿ ಆತನನ್ನು ಕೂರಿಸಿ ನನಗೆ ಟ್ರಂಕ್ ಕಾಲ್ ಬುಕ್ ಮಾಡಿದ. ಆರು ಗಂಟೆಗಳ ಮೇಲೆ ಲೈನು ಸಿಕ್ಕಿದಾಗ ನಾನು ಊಟಿಯ ಕೆರೆಯಲ್ಲಿ ದೋಣಿ ವಿಹಾರದಲ್ಲಿದ್ದೆ. ಮರುದಿನವೂ ಹಾಗೆಯೇ. ಆಮೇಲೆ ಬೋಟಿನವನು ಬರಲಿಲ್ಲ. ಆ ವರ್ಷ ಆ ಎಂಟು ದಿನ ಬಂಗುಡೆ ಹೇರಳವಾಗಿ ಬಿದ್ದಿತು. ಉಳಿದವರ ಬೋಟುಗಳು ಬುಟ್ಟಿ ಬುಟ್ಟಿಯಾಗಿ ಇಳಿಸುತ್ತಿರಲು ಆತನ ಬೋಟು ಹೊಳೆಯ ದಂಡೆಯಲ್ಲಿ ಕಟ್ಟಿಹಾಕಿದಂತೆಯೇ ಇತ್ತು. ನಾನು ಹಿಂದಿರುಗಿದ ದಿನ ಬಂದು ಎದುರಿಗೆ ನಿಂತವನು ಒಂದು ಗಟ್ಟಿ ಮಾತನ್ನೂ ಆಡಲಿಲ್ಲ. “ನೀವಿದ್ದಿದ್ದರೆ ಆಗ್ತಿತ್ತು, ಸಾರ್” ಎಂದಷ್ಟೇ ಹೇಳಿದ. ಅದನ್ನು ಕೇಳಿ ಆ ಕ್ಷಣಕ್ಕೆ ನನ್ನ ಮನಸ್ಸು ಹಿಗ್ಗಿತೆಂದು ಹೇಳಲು ನನಗೀಗ ನಾಚಿಕೆಯಾಗುತ್ತದೆ. ರಾತ್ರಿ ಮಲಗಿದ ಮೇಲೆ ಆ ಮಾತು ಮತ್ತೆ ನೆನಪಾಗಿ, ಅದು ಹೊಗಳಿಕೆಯಲ್ಲ, ಒಬ್ಬ ಮೇನೇಜರನ ಮೇಲೆ ಹೊರಿಸಬಹುದಾದ ಆರೋಪಗಳಲ್ಲೆಲ್ಲ ದೊಡ್ಡದು ಎಂಬುದು ತಿಳಿಯಿತು. ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಅಳಿಯ: ನಿಮ್ಮ ಕೈಕೆಳಗಿನವರಿಗೆ ಏನು ಹೇಳಿದಿರಿ?

ಮಾವ: ಕ್ಷಮೆ ಕೇಳಿದೆ. ಮುಂದಿನ ವರ್ಷದಿಂದ ರಜೆಗೆ ಹೊರಡುವಾಗ ನಾನು ಇಳಿದುಕೊಳ್ಳುವ ಸ್ಥಳದ ಫೋನ್ ನಂಬರನ್ನು ಕೊಡುವುದನ್ನೇ ಬಿಟ್ಟೆ. ಮನೆಯವರಿಗೆ ಕೊಡುತ್ತಿದ್ದೆ, ಶಾಖೆಗಲ್ಲ. ನಾನಿಲ್ಲದಾಗ ಆತ ಮಾಡಿದ ತೀರ್ಮಾನಗಳಲ್ಲಿ ಒಂದೆರಡು ನನಗೆ ಸರಿಬಾರದವು ಇದ್ದುವು. ಆದರೆ ಹಿಂದಿರುಗಿ ಬಂದು ಅವನ್ನು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಮರುವರ್ಷ ಆತನ ಕೈ ಮತ್ತೆ ನಡುಗುತ್ತಿತ್ತು.

ಈಗಿನ ಬ್ಯಾಂಕುಗಳಲ್ಲಾದರೆ ಇದಕ್ಕೊಂದು ಶಾಸನವೇ ಉಂಟು. ರಿಸರ್ವ್ ಬ್ಯಾಂಕು 2021ರಲ್ಲಿ ಪರಿಷ್ಕರಿಸಿದ ಸೂಚನೆಯಂತೆ, ಖಜಾನೆ ವ್ಯವಹಾರದಂಥ ಸೂಕ್ಷ್ಮವಾದ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ಸುಳಿವು ಕೊಡದೆ, ಒಂದೇ ಸಲಕ್ಕೆ 10 ಕೆಲಸದ ದಿನಗಳಿಗೆ ಕಡಮೆಯಿಲ್ಲದಂತೆ ರಜೆಯ ಮೇಲೆ ಕಳುಹಿಸತಕ್ಕದ್ದು. ಆ ಅವಧಿಯಲ್ಲಿ ಕಚೇರಿಯ ಮಿಂಚಂಚೆಯೊಂದನ್ನುಳಿದು ಕೆಲಸಕ್ಕೆ ಸಂಬಂಧಿಸಿದ ಯಾವುದಕ್ಕೂ ಅವರ ಕೈ ತಾಗಕೂಡದು. ಬಿಟ್ಟೇಳಲಾರದ ಕುರ್ಚಿಯ ಅಡಿಯಲ್ಲಿ ಏನಾದರೂ ಅಡಗಿರಬಹುದೆಂಬುದು ಆ ನಿಯಮದ ಹಿಂದಿರುವ ಲೋಕಾನುಭವ. ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕು 2008ರಲ್ಲಿ ತನ್ನ ಒಬ್ಬನೇ ವ್ಯಾಪಾರಿಯ ಗುಪ್ತ ವ್ಯವಹಾರಗಳಿಂದ 490 ಕೋಟಿ ಯೂರೋ ಕಳೆದುಕೊಂಡಾಗ ಹೊರಬಿದ್ದ ಸಂಗತಿಗಳಲ್ಲಿ, ಆತ ಹಿಂದಿನ ವರ್ಷವೆಲ್ಲ ಬೆರಳೆಣಿಕೆಯ ದಿನಗಳಷ್ಟೇ ರಜೆ ಪಡೆದಿದ್ದನೆಂಬುದೂ ಒಂದು.

ಅಳಿಯ: ಅದು ಕಳ್ಳತನದ ವಿಷಯವಾಯಿತು, ಮಾವಯ್ಯ. ನಾನು ಕೇಳಿದ್ದು ನಾಯಕತ್ವದ ವಿಷಯ.

ಮಾವ: ಕಳ್ಳನು ಕುರ್ಚಿ ಬಿಡದಿರುವುದು ಭಯದಿಂದ; ಸಜ್ಜನನು ಬಿಡದಿರುವುದು ಪ್ರೀತಿಯಿಂದ. ಆದರೆ ಅವರ ಕೈಕೆಳಗೆ ದುಡಿಯುವವರ ಪಾಲಿಗೆ ಇಬ್ಬರಿಂದಲೂ ಆಗುವುದು ಒಂದೇ: ಅವರ ಕೈ ಬೆಳೆಯುವುದಿಲ್ಲ. ನಾನು ಕಳ್ಳನಾಗಿರಲಿಲ್ಲವಲ್ಲ, ಆದರೂ ಬೋಟು ದಂಡೆಯಲ್ಲೇ ಉಳಿಯಿತು.

ಗಂಗೊಳ್ಳಿಯ ಬಂದರಿಗೆ ಹೋಗಿ ಮಳೆಗಾಲದಲ್ಲಿ ನೋಡು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಸಂತಾನವೃದ್ಧಿ ಮಾಡಿಕೊಳ್ಳಲೆಂದು ಸರಕಾರ ವಿಧಿಸಿರುವ ನಿಷೇಧವದು. ಅಷ್ಟು ದೀರ್ಘವಾದ ರಜೆ ಯಾವ ಅಧಿಕಾರಿಗೂ ಇಲ್ಲ. ಕಡಲಿನಲ್ಲಿ ದೋಣಿ ನಡೆಸುವ ತಂಡೇಲನ ಮಾತಿಗೆ ಎದುರು ಮಾತಿಲ್ಲ; ಬಲೆ ಎಲ್ಲಿ ಬಿಡಬೇಕು, ಗಾಳಿ ಎದ್ದರೆ ಹಿಂದಿರುಗಬೇಕೋ ನಿಲ್ಲಬೇಕೋ ಎಂಬುದನ್ನು ಆತನೊಬ್ಬನೇ ತೀರ್ಮಾನಿಸುತ್ತಾನೆ, ಹತ್ತಿಪ್ಪತ್ತು ಜನರ ಪ್ರಾಣ ಅದಕ್ಕೆ ಕಟ್ಟುಬಿದ್ದಿರುತ್ತದೆ. ಅಂಥ ತಂಡೇಲನೊಬ್ಬನು ಈ ಜುಲೈಯಲ್ಲಿ, ಬಲೆ ರಿಪೇರಿಯ ಚಪ್ಪರದಲ್ಲಿ, ಕಡಲಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾದ ಒಬ್ಬ ಮುದುಕನ ಪಕ್ಕದಲ್ಲಿ ಚಕ್ಕಂಬಟ್ಟಲೆ ಹಾಕಿ ಕುಳಿತಿದ್ದುದನ್ನು ನಾನು ಕಂಡೆ. ಮುದುಕನಿಗೆ ದೃಷ್ಟಿ ಮಂದ. ಆತನು ಬಲೆಯನ್ನು ತೊಡೆಯ ಮೇಲೆಳೆದುಕೊಂಡು ಬೆರಳ ತುದಿಯಿಂದಲೇ ಒಂದೊಂದು ಕಣ್ಣನ್ನೂ ಸವರಿ ಸಾಗುತ್ತಾ, ಹರಿದ ಕಣ್ಣು ಸಿಕ್ಕಿದಲ್ಲಿ ತಡೆದು, “ಇಲ್ಲಿ” ಎನ್ನುತ್ತಿದ್ದನು. ನೂಲು ಸುತ್ತಿದ ಚಪ್ಪಟೆ ಕಡ್ಡಿಯನ್ನು ಹಿಡಿದ ತಂಡೇಲನು ಅಲ್ಲಿ ಗಂಟು ಹಾಕುತ್ತಿದ್ದನು. ಒಂದು ಗಂಟು ಮುದುಕನಿಗೆ ಸರಿಕಾಣದೆ ಬಿಚ್ಚಿಸಿದನು. ತಂಡೇಲನು ಬಿಚ್ಚಿ ಮತ್ತೆ ಹಾಕಿದನು. ಆತನ ದೋಣಿಯ ಹುಡುಗರೆಲ್ಲ ಸುತ್ತಲೂ ಕುಳಿತು ಇದನ್ನು ನೋಡುತ್ತಿದ್ದರು. ಆಗಸ್ಟಿನಲ್ಲಿ ಆ ಹುಡುಗರು ನಡುಗಡಲಿನಲ್ಲಿ ಆತನ ಒಂದು ಕೂಗಿಗೆ ಹಗ್ಗ ಬಿಡುವರಲ್ಲ, ಆ ವಿಧೇಯತೆ ಜುಲೈಯ ಚಪ್ಪರದಲ್ಲಿ ಹುಟ್ಟುವುದೆಂದೇ ನನಗೆ ತೋರಿತು.

ಅಳಿಯ: ತಾನೂ ಒಬ್ಬರ ಮಾತಿಗೆ ಬಾಗುವವನೆಂದು ಅವರು ಕಂಡರೆನ್ನುತ್ತೀರಿ.

ಮಾವ: ಹೌದು. ಮತ್ತೆ, ಗಾಂಧೀಜಿಯವರನ್ನು ತೆಗೆದುಕೊ. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ನಿಮಿತ್ತ ಅವರು ಕುಂದಾಪುರಕ್ಕೆ ಬಂದಿದ್ದರು. ನಮ್ಮ ಅಪ್ಪಯ್ಯ ಹುಡುಗನಾಗಿದ್ದಾಗ ಗುಂಪಿನಲ್ಲಿ ನಿಂತು ನೋಡಿದವರು. ಸೋಮವಾರದಂದು ಅವರಿಗೆ ಮೌನವ್ರತವಷ್ಟೆ. ದೇಶಕ್ಕೆ ದೇಶವೇ ಯಾರ ಮಾತಿಗಾಗಿ ಕಿವಿಗೊಟ್ಟು ನಿಂತಿತ್ತೋ ಅವರು ವಾರಕ್ಕೊಂದು ದಿನ ಮಾತನ್ನೇ ರಜೆಯ ಮೇಲೆ ಕಳುಹಿಸಿ, ತೀರ ಅಗತ್ಯವಾದುದನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. 1927ರಲ್ಲಿ ಆರೋಗ್ಯ ಕೆಟ್ಟಾಗ ವೈದ್ಯರ ಮಾತಿನಂತೆ ನಂದಿಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಮಿಸಿದ್ದರು. ಅವರು ಆರಿಸಿಕೊಂಡದ್ದು ಬೆಟ್ಟವೆಂಬುದರಿಂದ ನನಗೇನೂ ತಿಳಿಯದು. ವೈದ್ಯರು ಹೇಳಿದರೆಂದು ಸುಮ್ಮನಿದ್ದರೆಂಬುದರಿಂದ ಬಹಳ ತಿಳಿಯುತ್ತದೆ.

ಇದಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದಿರುವ ಉದಾಹರಣೆಯೊಂದು ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿಯೇ ಇದೆ. ಹೂವಿನಕೆರೆಗೆ ಹೋಗಿದ್ದೀಯಷ್ಟೆ?

ಅಳಿಯ: ವಾದಿರಾಜರು ಹುಟ್ಟಿದ ಸ್ಥಳ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹೋಗಿದ್ದೆ.

ಮಾವ: ಉಡುಪಿಯ ಕೃಷ್ಣನ ಪೂಜೆ ಎಂಟು ಮಠಗಳಿಗೆ ಸರದಿಯಂತೆ ಸಲ್ಲತಕ್ಕದ್ದೆಂಬುದು ಮಧ್ವಾಚಾರ್ಯರ ಕಾಲದಿಂದ ಬಂದ ಪದ್ಧತಿ. ಮೊದಲು ಪರ್ಯಾಯವೆಂಬ ಆ ಸರದಿ ಎರಡೆರಡು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. 16ನೆಯ ಶತಮಾನದಲ್ಲಿ ಸೋದೆ ಮಠದ ವಾದಿರಾಜರು, ನಮ್ಮ ಈ ಹೂವಿನಕೆರೆಯವರು, ಅದನ್ನು ಎರಡೆರಡು ವರ್ಷಗಳಿಗೆ ಹಿಗ್ಗಿಸಿದರು. ಲೆಕ್ಕ ಹಾಕಿ ನೋಡು. ಹಿಂದೆ ಒಂದು ಮಠದ ಯತಿಗೆ ಎರಡು ತಿಂಗಳು ಪೂಜೆ, 14 ತಿಂಗಳು ಬಿಡುವು. ಆ ಕಾಲದ ಕಾಲುದಾರಿಯಲ್ಲಿ ಕಾಶಿಯತ್ತ ಹೊರಟವನು ಅಲ್ಲಿ ನೆಲೆನಿಂತು ಏನನ್ನಾದರೂ ಸಾಧಿಸುವುದರೊಳಗೆ ಹಿಂದಿರುಗುವ ಹೊತ್ತು ಬಂದಿರುತ್ತಿತ್ತು. ವಾದಿರಾಜರ ಏರ್ಪಾಟಿನಲ್ಲಿ ಎರಡು ವರ್ಷ ಪೂಜೆ, 14 ವರ್ಷ ಬಿಡುವು. ಪರ್ಯಾಯದ ಎರಡು ವರ್ಷ ಉಡುಪಿಯಲ್ಲಿ ನೆಲೆನಿಂತು ದೇವರಿಗೂ ಬಂದ ಭಕ್ತರಿಗೂ ಅನ್ನಕ್ಕೂ ಹೊಣೆಯಾಗಿರತಕ್ಕದ್ದು. ಆಮೇಲೆ ಕೀಲಿಕೈಯನ್ನೂ ಅಕ್ಷಯಪಾತ್ರೆಯನ್ನೂ ಮುಂದಿನವರ ಕೈಗೊಪ್ಪಿಸಿ 14 ವರ್ಷ ಹೊರಗಿರತಕ್ಕದ್ದು. ಈ ವ್ಯವಸ್ಥೆಯನ್ನು ಮಾಡಿದವರು ಸ್ವತಃ ದೇಶವೆಲ್ಲ ಸಂಚರಿಸಿ, ಕಂಡ ಕ್ಷೇತ್ರಗಳ ವಿಷಯವಾಗಿ “ತೀರ್ಥಪ್ರಬಂಧ”ವನ್ನು ರಚಿಸಿದವರು. ಸಂಚಾರದ ರುಚಿಯಿದ್ದವರಿಗೇ ಇಂಥ ಏರ್ಪಾಟು ಹೊಳೆಯತಕ್ಕದ್ದು. ನಿನ್ನ ಉಪನ್ಯಾಸಕರ ಮಾತು, ಮನುಷ್ಯನ ಬಿಡುವಿನ ಅಭಿರುಚಿಗೂ ಅವನ ಆಡಳಿತದ ರೀತಿಗೂ ನಂಟುಂಟೆಂಬುದು, ಇಲ್ಲಿ ನಿಜವಾಗಿದೆಯೆಂದು ನನ್ನ ನಂಬಿಕೆ. ಪೀಠವನ್ನು ಬಿಟ್ಟು ನಡೆದ ಸುಖವನ್ನು ತಾವು ಅರಿತವರಾದ್ದರಿಂದ, ಪೀಠದಲ್ಲಿ ಯಾರೂ ಬೇರೂರದಂತೆ ಕಟ್ಟಳೆ ಮಾಡಿದರು. ಅದು 500 ವರ್ಷ ನಡೆದುಬಂದಿದೆ.

ಅಳಿಯ: ಒಪ್ಪಿದೆ. ಆದರೆ ನಿಮಗೆ ಒಂದು ಎದುರು ಉದಾಹರಣೆ ಕೊಡುತ್ತೇನೆ. ಕೋಟದ ಶಿವರಾಮ ಕಾರಂತರು ಬಿಡುವಿನಲ್ಲಿ ಯಾರ ಮಾತು ಕೇಳಿದರು? ಯಾರ ಮಾತೂ ಕೇಳದಿರುವುದೇ ಅವರ ದೊಡ್ಡಸ್ತಿಕೆಯೆಂದಲ್ಲವೆ ನಾವೆಲ್ಲ ಬೆಳೆದದ್ದು?

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದು ಗಟ್ಟಿಯಾದ ಪ್ರಶ್ನೆ. ಅವರಿಗೆ ರಜೆಯೆಂಬುದೇ ಇರಲಿಲ್ಲವೆಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ಅದು ನಿಜವಲ್ಲ. ಅವರು ಸುತ್ತಿದಷ್ಟು ಸುತ್ತಿದವರು ಅವರ ಕಾಲದ ಕನ್ನಡಿಗರಲ್ಲಿ ವಿರಳ. “ಅಬೂವಿಂದ ಬರಾಮಕ್ಕೆ”, “ಅಪೂರ್ವ ಪಶ್ಚಿಮ” ಇವೆರಡೂ ಅವರ ಅಲೆದಾಟದ ಫಲಗಳೇ. ಪುತ್ತೂರಿನಲ್ಲಿದ್ದಾಗ ದಸರೆಯ ರಜೆ ಬಂದರೆ ಊರವರನ್ನೆಲ್ಲ ಕೂಡಿಸಿ ನಾಡಹಬ್ಬ ನಡೆಸುತ್ತಿದ್ದರು. ಉಳಿದವರಿಗೆ ರಜೆಯಾದುದು ಅವರಿಗೆ ಇಮ್ಮಡಿ ಕೆಲಸ. “ಬಾಲಪ್ರಪಂಚ”, “ವಿಜ್ಞಾನಪ್ರಪಂಚ”ಗಳಂಥ ವಿಶ್ವಕೋಶಗಳನ್ನು, ಒಂದು ಸಂಸ್ಥೆಯೇ ಮಾಡತಕ್ಕ ಕೆಲಸವನ್ನು, ಒಬ್ಬರೇ ಹೊತ್ತು ಮುಗಿಸಿದರು. ಬಿಡುವಿನಲ್ಲಿ ಒಂಟಿಯಾಗಿ ನಡೆದವರು ಕೆಲಸದಲ್ಲಿಯೂ ಒಂಟಿಯಾಗಿಯೇ ನಡೆದರು; ಅಲ್ಲಿಯೂ ನಿನ್ನ ಉಪನ್ಯಾಸಕರ ನಂಟು ಕಾಣುತ್ತದೆ, ಆದರೆ ನನ್ನ ಮಾತಿಗೆ ಅದು ಪುಷ್ಟಿ ಕೊಡುವುದಿಲ್ಲ.

ಒಂದು ವಿಷಯ ಮಾತ್ರ ಹೇಳಬಲ್ಲೆ. ಯಕ್ಷಗಾನದ ಮುಂದೆ ಅವರು ಬೇರೆ ಮನುಷ್ಯರಾಗುತ್ತಿದ್ದರು. ನಮ್ಮ ಬಡಗುತಿಟ್ಟಿನ ಹಳೆಯ ಭಾಗವತರನ್ನೂ ವೇಷಧಾರಿಗಳನ್ನೂ ಹುಡುಕಿಕೊಂಡು ಹೋಗಿ, ಕುಳಿತು ಕೇಳಿ, ಮರೆತುಹೋಗುತ್ತಿದ್ದ ಹಾಡಿಕೆಯನ್ನೂ ಮುಖವರ್ಣಿಕೆಯನ್ನೂ ಬರೆದಿರಿಸಿದರು. ಆ ಶ್ರಮದಿಂದ ಹುಟ್ಟಿದ “ಯಕ್ಷಗಾನ ಬಯಲಾಟ”ಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು. ಆಮೇಲೆ ಅವರು ಮಾತನ್ನು ತೆಗೆದು, ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿ ತಮ್ಮದೇ ಪ್ರಯೋಗ ಮಾಡಿದಾಗ ಮುನಿಸಿಕೊಂಡವರು ಈ ಸೀಮೆಯಲ್ಲಿ ಅನೇಕರು. ನನಗೂ ಮಾತಿಲ್ಲದ ಯಕ್ಷಗಾನ ರುಚಿಸಿದ್ದಿಲ್ಲ. ಆದರೆ ಬದಲಾಯಿಸುವುದಕ್ಕೆ ಮುನ್ನ ಅವರು ದೀರ್ಘಕಾಲ ಕೇಳಿದ್ದರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಉಳಿದಂತೆ ನೀನು ಹೇಳಿದ್ದೇ ಸರಿ. ದಾರಿ ತೋರಿಸಿ ಮುಂದೆ ನಡೆದುಬಿಡತಕ್ಕವರೊಂದು ಬಗೆ, ಮನೆ ನಡೆಸತಕ್ಕ ಯಜಮಾನರೊಂದು ಬಗೆ. ಕಾರಂತರ ಅಳತೆಗೋಲಿನಿಂದ ನಾನೂ ನೀನೂ ನಮ್ಮನ್ನು ಅಳೆದುಕೊಳ್ಳುವಂತಿಲ್ಲ. ನಮಗಿರುವುದು ಮನೆ ನಡೆಸುವ ಕೆಲಸ. ನಿನ್ನ ಹೋಟೆಲಿನಲ್ಲಿ ಎಷ್ಟು ಜನ ಉಣ್ಣುತ್ತಾರೆ, ಎಷ್ಟು ಜನ ದುಡಿಯುತ್ತಾರೆ?

ಅಳಿಯ: ದುಡಿಯುವವರು ಎರಡೂ ಕಡೆ ಸೇರಿ 60. ಅರ್ಧಕ್ಕರ್ಧ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರೇ.

(ಅಂಗಳದಲ್ಲಿ ಸದ್ದು. ಹೂವಿನಕೋಲಿನ ಮೇಳ. ಬಿಳಿಯ ಅಂಗಿ, ಕಚ್ಚೆ, ತಲೆಗೆ ಟೊಪ್ಪಿ ತೊಟ್ಟ ಇಬ್ಬರು ಹುಡುಗರು ಜಗಲಿಯೇರಿ, ಹೂ ಸುತ್ತಿದ ಕೋಲನ್ನು ನಡುವಿಟ್ಟು ಎದುರುಬದುರಾಗಿ ಮಂಡಿಯೂರಿ ಕೂರುತ್ತಾರೆ. ಹಿಂದೆ ಭಾಗವತರು, ಮದ್ದಳೆಯವರು. ಚಿಕ್ಕ ಹುಡುಗನು ಅರ್ಜುನನ ಮಾತಿನ ನಡುವೆ ತಡವರಿಸುತ್ತಾನೆ. ಭಾಗವತರು ಮಾತು ಎತ್ತಿಕೊಡದೆ ತಾಳವನ್ನೊಮ್ಮೆ ಮೆಲ್ಲನೆ ತಟ್ಟಿ ಕಾಯುತ್ತಾರೆ. ಹುಡುಗನಿಗೆ ಮಾತು ನೆನಪಾಗುತ್ತದೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಕಳುಹಿಸುತ್ತಾರೆ.)

ಅಳಿಯ: ಆ ಭಾಗವತರ ಮುಖವನ್ನು ಎಲ್ಲಿಯೋ ನೋಡಿದಂತಿದೆ.

ಮಾವ: ದೊಡ್ಡ ಮೇಳದಲ್ಲಿ ತಿರುಗಾಟ ಮಾಡಿದವರು. ಈಗ ಈ ಒಂಬತ್ತು ದಿನ ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಬರುತ್ತಾರೆ. ಹುಡುಗ ತಡವರಿಸಿದಾಗ ಅವರು ಕಾದದ್ದನ್ನು ನೋಡಿದೆಯಲ್ಲ? ಮಾತು ಅವರ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಕಾದರು.

ಅಳಿಯ: ನಮ್ಮ ಅಪ್ಪಯ್ಯನ ನೆನಪಾಯಿತು. ಮಂದಾರ್ತಿ ಮೇಳದ ಹರಕೆ ಆಟವಿದ್ದ ವರ್ಷ ರಾತ್ರಿ ಬಸ್ಸಿಗೆ ಹೊರಟು ಬರುತ್ತಿದ್ದರು. ಆಟ ಆಡಿಸುವವರು ಅವರೇ. ಆದರೆ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಚೌಕಿಪೂಜೆಯಾದದ್ದೇ ರಂಗಸ್ಥಳದ ಮುಂದೆ ಚಾಪೆ ಹಾಸಿಕೊಂಡು ಕುಳಿತರೆಂದರೆ ಬೆಳಗಿನ ಮಂಗಳದವರೆಗೆ ಏಳುತ್ತಿರಲಿಲ್ಲ. ಯಾವ ಪ್ರಸಂಗವೆಂದು ಮೇಳದವರು ಕೇಳಿದರೆ, ನಿಮಗೆ ಹೊಂದುವುದನ್ನು ಆಡಿ ಎನ್ನುತ್ತಿದ್ದರು. ನಾನಾದರೆ, ಹೋದ ಸಲದ ನಮ್ಮ ಆಟದಲ್ಲಿ, ಧ್ವನಿವರ್ಧಕದವನಿಂದ ಹಿಡಿದು ಊಟದ ಪಂಕ್ತಿಯವರೆಗೆ ಎಲ್ಲದಕ್ಕೂ ಓಡಾಡಿ, ಆಟವನ್ನೇ ನೋಡಲಿಲ್ಲ.

ಮಾವ: ನಿನ್ನ ಅಪ್ಪಯ್ಯನ ವಿಷಯವಾಗಿ ನಿನಗೆ ತಿಳಿಯದ ಒಂದು ಸಂಗತಿಯನ್ನು ಹೇಳುತ್ತೇನೆ. ಭಾವ ಊರಿಗೆ ಹೊರಟಾಗ ಹೋಟೆಲಿನ ಕೀಲಿಕೈಗಳನ್ನು ಅಡುಗೆಯ ಭಟ್ಟರ ಕೈಗೆ ಕೊಟ್ಟು ಬರುತ್ತಿದ್ದರು, ಮೇನೇಜರನ ಕೈಗಲ್ಲ. ಒಮ್ಮೆ ನಾನು ಏಕೆಂದು ಕೇಳಿದೆ. ಮೇನೇಜರನಿಗೆ ಲೆಕ್ಕ ಬರುತ್ತದೆ, ಭಟ್ಟರಿಗೆ ಹಸಿವು ತಿಳಿಯುತ್ತದೆ ಎಂದರು. ಹಿಂದಿರುಗಿದ ಮೇಲೆ ಮೊದಲು ಕೇಳುತ್ತಿದ್ದುದು ಕಲೆಕ್ಷನ್ ಎಷ್ಟಾಯಿತೆಂದಲ್ಲ. ಕೆಲಸದ ಹುಡುಗರಲ್ಲಿ ಯಾರಿಗಾದರೂ ಜ್ವರ ಬಂದಿತ್ತೋ, ಊರಿನಿಂದ ಕಾಗದ ಬಂದಿತ್ತೋ ಎಂದು. ಇದನ್ನು ನನಗೆ ಹೇಳಿದವರು ಆ ಭಟ್ಟರೇ, ಭಾವ ತೀರಿಕೊಂಡು ಅವರ ವೈಕುಂಠ ಸಮಾರಾಧನೆಯ ದಿನ, ಬಾವಿಕಟ್ಟೆಯ ಹತ್ತಿರ ನಿಂತುಕೊಂಡು.

(ಅಳಿಯ ಏನೂ ಹೇಳುವುದಿಲ್ಲ. ಪಡುವಣದಲ್ಲಿ ಮಿಂಚು, ತುಸು ತಡೆದು ಗುಡುಗು. ಹಿಂಗಾರಿನ ಮಳೆಯ ದೊಡ್ಡ ಹನಿಗಳು ಅಂಗಳದಲ್ಲಿ ಬೀಳತೊಡಗಿ ಕರೆಂಟು ಹೋಗುತ್ತದೆ. ಮೊಬೈಲಿನ ಬೆಳಕಿನಲ್ಲಿ ನಾಲ್ಕು ಚೌಕಗಳೂ ಕದಲದೆ ನಿಂತಿವೆ. ಗಲ್ಲಾದ ಹುಡುಗನು ಯಾರಿಗೋ ಚಿಲ್ಲರೆ ಕೊಡಲು ಚಾಚಿದ ಕೈ ಹಾಗೆಯೇ ಇದೆ.)

ಅಳಿಯ: ನೆಟ್‌ವರ್ಕು ಹೋಯಿತು.

ಮಾವ: ಗುಡುಗು ನಿಂತರೂ ಬೆಳಗಿನವರೆಗೆ ಬರುವ ಭರವಸೆಯಿಲ್ಲ. ಲಾಂದ್ರ ಹಚ್ಚಲು ಒಳಗೆ ಹೇಳು.

ಅಳಿಯ: (ಒಳಗೆ ಹೇಳಿ ಬಂದು, ಮೊಬೈಲನ್ನು ಕಿಟಕಿಯ ಮೇಲಿಡುತ್ತಾ) ಜನವರಿಯಲ್ಲಿ ಹತ್ತು ದಿನ ಹೆಂಡತಿ ಮಕ್ಕಳೊಡನೆ ಎಲ್ಲಿಗಾದರೂ ಹೋಗಬೇಕೆಂದಿದ್ದೇವೆ. ಮಕ್ಕಳು ಹಿಮ ನೋಡಬೇಕೆನ್ನುತ್ತಾರೆ. ಆ ಹುಡುಗನಿಗೆ ಕೀಲಿಕೈ ಕೊಟ್ಟು ಹೋಗಲೆ?

ಮಾವ: ಅದನ್ನು ನನ್ನನ್ನು ಕೇಳಿ ತೀರ್ಮಾನಿಸಿದರೆ ನಾನು 1983ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದ ಹಾಗಾಗುತ್ತದೆ.

ಅಳಿಯ: ಹಾಗಾದರೆ ನಾಳೆ ಬೆಳಿಗ್ಗೆ ಕಡಲ ಕಡೆ ಹೋಗೋಣವೆ? ಕೈರಂಪಣಿ ಬಿಡುತ್ತಾರೆಂದು ಅತ್ತೆ ಹೇಳುತ್ತಿದ್ದರು. ಹಗ್ಗ ಎಳೆಯದೆ ಎಷ್ಟೋ ವರ್ಷಗಳಾದುವು.

ಮಾವ: ಹೋಗೋಣ. ದೋಣಿ ಬಲೆಯನ್ನು ಕಡಲಿನಲ್ಲಿ ಬಳಸಿ ದಡಕ್ಕೆ ತಂದ ಮೇಲೆ ಎರಡು ಕಡೆಯ ಹಗ್ಗಕ್ಕೂ ಜನ ಬೇಕು. ಒಂದು ಕಡೆಯವರು ಅವಸರ ಮಾಡಿದರೆ ಬಲೆ ಓರೆಯಾಗಿ ಮೀನು ಜಾರುತ್ತದೆ; ನಡುವೆ ನಿಂತು ಕೂಗುವಾತನ ಕೂಗಿಗೆ ಸರಿಯಾಗಿ ಹೆಜ್ಜೆಯಿಡಬೇಕು. ಕೈಗೂಡಿಸಿದವರಿಗೆಲ್ಲ ಒಂದೊಂದು ಪಾಲುಂಟು.

ಅಳಿಯ: ಎಷ್ಟು ಗಂಟೆಗೆ ಏಳಬೇಕು?

ಮಾವ: ಅದನ್ನು ಹೇಳತಕ್ಕವನು ಆ ಕೂಗುವಾತ. ನೀರು ನೋಡಿ, ಬಂದು ಬಾಗಿಲು ತಟ್ಟುತ್ತಾನೆ.